ಹಾರೆಯ ಮೇಲೆ ಸುಟ್ಟ ಪಕ್ಕೆಲುಬು

ನನಗೆ ಐದು ತಿಂಗಳು ತುಂಬಿದ್ದೇ ತಡ, ವಾಡಿಯ ನಮ್ಮ ಸಾಲುಮನೆಗಳ ಹೆಂಗಸರೆಲ್ಲ ನನ್ನ ನಾಲಿಗೆಯ ಬೆನ್ನು ಹತ್ತಿದರು. ಏನು ತಿನ್ನಬೇಕು ಅನ್ನಿಸುತ್ತದೆ, ಬಾಯಿ ಬಿಟ್ಟು ಹೇಳು ಅಂತ ಬೆಳಗಾದರೆ ಒಬ್ಬರು, ಸಂಜೆಯಾದರೆ ಇನ್ನೊಬ್ಬರು. ಎಡಮನೆಯ ಅಮೃತಮ್ಮ ಹೂರಣದ ಹೋಳಿಗೆ ತಂದಿಟ್ಟರು. ಬಲಮನೆಯ ಹಮೀದಾಬೇಗಂ ಶಾವಿಗೆಯ ಖೀರು ಕಳಿಸಿದರು, ಅದು ಮುಗಿಯುವುದರೊಳಗೆ ಬದಾಮಿ ಹಾಕಿದ ಹಲ್ವಾ ಕಳಿಸಿದರು. ನಾನು ಎಲ್ಲವನ್ನೂ ತಿಂದೆ, ಡಬ್ಬಿ ತೊಳೆದು ವಾಪಸು ಕೊಟ್ಟೆ. ಬೇಕಾದದ್ದೇನು ಅನ್ನುವುದನ್ನು ಮಾತ್ರ ಹೇಳಲಿಲ್ಲ.

"ಬಸುರಿ ಹೆಣಮಗಳು ಬಯಕಿ ಹೊಟ್ಟ್ಯಾಗ ಇಟ್ಕೋಬಾರದವ್ವಾ," ಅಂತ ಅಮೃತಮ್ಮ ಎದುರಿಗೆ ಕೂತು ಹೇಳಿದರು. "ಕೂಸಿನ ಕಿವಿ ಸೋರ್ತದ."

ಇದನ್ನು ನಮ್ಮ ಕಡೆ ನಂಬದವರಿಲ್ಲ. ಬಯಸಿದ್ದನ್ನು ಕೊಡದಿದ್ದರೆ ಹುಟ್ಟಿದ ಕೂಸಿಗೆ ಕಿವಿ ಸೋರುತ್ತದೆ. ಯಾಕೆಂದರೆ ಕೇಳುವವಳು ತಾಯಿಯಲ್ಲ, ಒಳಗಿರುವ ಕೂಸು. ನಾನು ನಂಬದೆ ಇರುವುದಾದರೂ ಹೇಗೆ? ಮೊದಲನೆಯ ಕೂಸನ್ನು ಹುಟ್ಟಿದ ವಾರದಲ್ಲೇ ಮಣ್ಣಿಗೆ ಕೊಟ್ಟವಳು ನಾನು. ಬೆಕ್ಕು ಅಡ್ಡ ಬಂದರೂ ನಿಂತು ಹೋಗುತ್ತಿದ್ದೆ, ಯಾರೋ ಸೀನಿದರೂ ಕೂತು ಏಳುತ್ತಿದ್ದೆ.

ಆದರೆ ಹೇಳುವುದು ಹೇಗೆ? ಅಮೃತಮ್ಮನ ಮನೆಯಲ್ಲಿ ತತ್ತಿ ಕೂಡ ಒಳಗೆ ಬರುವಂತಿರಲಿಲ್ಲ. ಹಮೀದಾಬೇಗಂ ಮನೆಯಲ್ಲಿ ಆ ಪ್ರಾಣಿಯ ಹೆಸರನ್ನೇ ಯಾರೂ ಎತ್ತುತ್ತಿರಲಿಲ್ಲ. ಇವರಿಬ್ಬರ ನಡುವೆ ಕೂತು ನನಗೆ ಬೇಕಾಗಿದ್ದದ್ದು ಹಂದಿಯ ಪಕ್ಕೆಲುಬು. ಅದೂ ಸಾರಿನಲ್ಲಿ ಕುದಿಸಿದ್ದಲ್ಲ, ಕೆಂಡದ ಮೇಲೆ ಸುಟ್ಟದ್ದು. ಅದೂ ಯಾರೋ ಸುಟ್ಟದ್ದಲ್ಲ, ನನ್ನ ಅಪ್ಪ ಹುಸೇನಪ್ಪ ಸುಟ್ಟದ್ದು.

ನಾವು ವಡ್ಡರು. ಅಪ್ಪ ಶಹಾಬಾದಿನ ಕಲ್ಲಿನ ಖಣಿಯಲ್ಲಿ ಪರಸಿ ಎಬ್ಬಿಸುತ್ತಿದ್ದ. ಊರೂರಿನ ನೆಲಕ್ಕೆ, ಮಾಳಿಗೆಗೆ ಹಾಸುವ ಚಪ್ಪಟೆ ಕಲ್ಲು ಅದು. ಖಣಿಯ ಅಂಚಿನಲ್ಲಿ ಒಂದು ಸಣ್ಣ ಕುಲುಮೆ ಇತ್ತು. ಮೊಂಡಾದ ಉಳಿಗಳನ್ನು, ಹಾರೆಗಳನ್ನು ಅಲ್ಲಿ ಕಾಸಿ, ಬಡಿದು, ಮತ್ತೆ ಮೊನೆ ಮಾಡುತ್ತಿದ್ದರು. ಅವ್ವ ನಾನು ಸಣ್ಣವಳಿದ್ದಾಗಲೇ ಹೋದಳು. ಅಪ್ಪನಿಗೆ ಗಡಿಗೆಯ ಅಡುಗೆ ಬರುತ್ತಿರಲಿಲ್ಲ, ಬೆಂಕಿಯ ಕೆಲಸ ಮಾತ್ರ ಬರುತ್ತಿತ್ತು. ಹಾಗಾಗಿ ಖಣಿಗೆ ಸೂಟಿ ಇದ್ದ ದಿನ ನಮ್ಮ ಅಡುಗೆ ಮನೆ ಅಂದರೆ ಆ ಕುಲುಮೆಯೇ.

ಎಲ್ಲರ ಉಳಿಗಳೂ ಮೊನೆಯಾದ ಮೇಲೆ ಕೆಂಡ ಇನ್ನೂ ಕೆಂಪಗೆ ಇರುತ್ತಿತ್ತು. ಅಪ್ಪ ನಾಲ್ಕು ಹಾರೆಗಳನ್ನು ಮರಳು ಹಾಕಿ ತಿಕ್ಕಿ, ಬೆಂಕಿಯಲ್ಲಿ ಕಾಸಿ, ಒರೆಸಿ, ಕೆಂಡದ ಮೇಲೆ ಅಡ್ಡಡ್ಡ ಮಲಗಿಸುತ್ತಿದ್ದ. ಉಪ್ಪು, ಒಣಖಾರ, ಬಳ್ಳೊಳ್ಳಿ, ಹುಣಸೆ ಹಚ್ಚಿ ಬೆಳಗಿನಿಂದ ಇಟ್ಟ ಪಕ್ಕೆಲುಬುಗಳು ಅದರ ಮೇಲೆ. ಮಗ್ಗುಲಿಗೆ ಬದನೆಕಾಯಿ, ಹಸಿಮೆಣಸಿನಕಾಯಿ. ಬೂದಿಯೊಳಗೆ ಇಡಿ ಉಳ್ಳಾಗಡ್ಡಿ, ಗೆಣಸು. ಕೊನೆಗೆ ಬೆಲ್ಲದ ನೀರನ್ನು ಉಳ್ಳಾಗಡ್ಡಿ ತಪ್ಪಲಿನ ಕಟ್ಟಿನಿಂದ ಸವರುತ್ತಿದ್ದ. ಚರ್ ಅನ್ನುತ್ತಿತ್ತು. ಆ ಸದ್ದು ಕೇಳಿದರೆ ನಾನು ಎಲ್ಲಿದ್ದರೂ ಓಡಿ ಬರುತ್ತಿದ್ದೆ.

ಈ ಕಥೆ ಕೇಳಿದವರು ಕೆಲವರು, ನಿನಗೆ ಬೇಕಾಗಿದ್ದದ್ದು ಖಂಡವಲ್ಲ, ಅಪ್ಪನ ಪ್ರೀತಿ ಅನ್ನುತ್ತಾರೆ. ಸಿಟ್ಟು ಬರುತ್ತದೆ ನನಗೆ. ನನಗೆ ಖಂಡವೇ ಬೇಕಿತ್ತು. ಎಲುಬಿಗೆ ಅಂಟಿದ, ಅಂಚು ಕರಕಾದ, ಹಲ್ಲಿನಿಂದ ಎಳೆದರೆ ಸರಕ್ಕನೆ ಕಿತ್ತು ಬರುವ ಖಂಡ. ನೆನೆದರೆ ಬಾಯಲ್ಲಿ ನೀರು ಬಂದು ರೊಟ್ಟಿ ಬಡಿಯುವ ಕೈ ನಿಂತುಬಿಡುತ್ತಿತ್ತು. ಪ್ರೀತಿಗೆ ಯಾರ ಬಾಯಲ್ಲೂ ನೀರು ಬರುವುದಿಲ್ಲ.

ಕೊನೆಗೆ ಗಂಡನಿಗೆ ಹೇಳಿದೆ. ನನ್ನ ಗಂಡ ಸಾಯಬಣ್ಣ ಸಿಮೆಂಟ್ ಫ್ಯಾಕ್ಟ್ರಿಯಲ್ಲಿ ಫಿಟರನ ಕೈಕೆಳಗೆ ಇದ್ದ. ಮಾತು ಕಡಿಮೆ, ಕೆಲಸ ಜಾಸ್ತಿ. ಅವನೂ ವಡ್ಡರವನೇ, ಆದರೆ ಅವನ ಕಡೆಯವರು ಕೆರೆ ಬಾವಿ ತೋಡುವ ಮಣ್ಣಿನ ಕೆಲಸದವರು. ಅವರ ಮನೆಯಲ್ಲಿ ಹಂದಿಯನ್ನು ಗಡಿಗೆಯಲ್ಲಿ ಪುಂಡಿಪಲ್ಯೆ ಹಾಕಿ ಕುದಿಸುತ್ತಿದ್ದರು, ಸುಡುವುದು ಗೊತ್ತಿರಲಿಲ್ಲ.

"ಇಷ್ಟ ಏನು?" ಅಂದ. "ನಾಳೆ ಡ್ಯೂಟಿ ಮುಗಿಸಿ ಶಹಾಬಾದಕ್ಕ ಹೋಗಿ ಮಾವಗ ಹೇಳಿ ಬರ್ತೀನಿ."

ಹೋದ. ಸಂಜೆಯ ಗಾಡಿಗೆ ಬಂದ. ಚಪ್ಪಲಿ ಬಿಡುವ ರೀತಿ ನೋಡಿಯೇ ನನಗೆ ತಿಳಿಯಿತು.

"ಮಾವ ಒಲ್ಲೆ ಅಂದ್ರು."

"ಯಾಕಂತ?"

"ಯಾಕಂತ ಹೇಳ್ಲಿಲ್ಲ. ನೆಲಾ ನೋಡಿದ್ರು. ಮತ್ತೇನರ ಕೇಳು ಅನ್ನು, ಸಕ್ಕರಿ, ಬೆಂಡು ಬತ್ತಾಸ ಏನರ ತರ್ತೀನಿ ಅಂದ್ರು."

ಬೆಂಡು ಬತ್ತಾಸು! ನಾನೇನು ತೊಟ್ಟಿಲಲ್ಲಿರುವ ಕೂಸೇ? ಅವತ್ತು ನನಗೆ ಬಂದ ಸಿಟ್ಟಿಗೆ ಒಲೆಯ ಮೇಲಿನ ಹಂಚು ಇಳಿಸಿ ಕೂತುಬಿಟ್ಟೆ. ಒಬ್ಬಳೇ ಮಗಳು, ಕೇಳಿದ್ದು ಒಂದು ಹೊತ್ತಿನ ಖಂಡ, ಅದಕ್ಕೂ ಒಲ್ಲೆ. ಸಿಟ್ಟು ಇಳಿದ ಮೇಲೆ ಉಳಿದದ್ದು ಸಂಕಟ. ಅಪ್ಪ ಮೊದಲೆಲ್ಲ ತಿಂಗಳಿಗೊಮ್ಮೆ ಬರುತ್ತಿದ್ದವನು ಆ ಕೂಸು ಹೋದ ಮೇಲೆ ಬರುವುದು ಕಡಿಮೆ ಮಾಡಿದ್ದ. ಬಂದರೂ ಬಾಗಿಲಲ್ಲೇ ಕೂತು, ನೀರು ಕುಡಿದು ಎದ್ದುಬಿಡುತ್ತಿದ್ದ. ನನ್ನ ಮೇಲೆ ಅಪ್ಪನಿಗೆ ಮನಸ್ಸು ಮುರಿದಿದೆ ಅಂತ ನನಗೆ ಖಾತ್ರಿಯಾಯಿತು. ಗೋಡೆಗೆ ಒರಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಅತ್ತೆ.

ನನ್ನ ಅಳು ನೋಡಲಾರದೆ ಸಾಯಬಣ್ಣ ಒಂದು ಕೆಲಸ ಮಾಡಿದ. ಆ ಐತವಾರ ನಾನು ನಳದ ಸಾಲಿನಲ್ಲಿ ಕೊಡ ಇಟ್ಟು ನಿಂತಿದ್ದಾಗ, ನಮ್ಮವರ ಓಣಿಯಿಂದ ಪಕ್ಕೆಲುಬು ತಂದು, ನನಗೆ ಹೇಳದೆ ಕೇಳದೆ ಹಿತ್ತಲಲ್ಲಿ ಒಲೆ ಹೂಡಿದ. ಎರಡು ಬದಿ ಇಟ್ಟಂಗಿ. ಕೆಳಗೆ ರೈಲು ಎಂಜಿನ್ನಿನ ಕಲ್ಲಿದ್ದಲು. ಮೇಲೆ? ನಾನು ಬಟ್ಟೆ ಒಗೆಯುತ್ತಿದ್ದ ಪರಸಿ ಕಲ್ಲು! ಶಹಾಬಾದಿನ ಮಾವ, ಶಹಾಬಾದಿನ ಹೆಂಡತಿ, ಅಂದ ಮೇಲೆ ಶಹಾಬಾದಿನ ಕಲ್ಲಿನ ಮೇಲೇ ಸುಡುತ್ತಿರಬೇಕು ಅಂತ ಆ ಪುಣ್ಯಾತ್ಮನ ಲೆಕ್ಕ.

ಕಲ್ಲು ಒಡೆಯುವವರ ಮನೆಯ ಕೂಸಿಗೂ ಗೊತ್ತು. ಪರಸಿ ಅಂದರೆ ಪದರ ಪದರ. ನೀರು ಕುಡಿದ ಪರಸಿಯನ್ನು ಬೆಂಕಿಯ ಮೇಲೆ ಇಟ್ಟರೆ ಅದು ಸುಮ್ಮನೆ ಇರುವುದಿಲ್ಲ. ಮಣ್ಣು ಹೊರುವವರಿಗೆ ಅದು ಎಲ್ಲಿಂದ ಗೊತ್ತಾಗಬೇಕು?

ನಳದ ಹತ್ತಿರ ನಿಂತವರಿಗೆ ಢಂ ಅಂತ ಕೇಳಿಸಿತು. ಕೊಡ ಬಿಟ್ಟು ಎಲ್ಲರೂ ಓಡಿದೆವು. ಹಿತ್ತಲ ತುಂಬ ಹೊಗೆ, ಕಲ್ಲಿನ ಚಕ್ಕೆ. ಸಾಯಬಣ್ಣನ ಒಂದು ಹುಬ್ಬು ಕಾಣೆಯಾಗಿತ್ತು. ದೇವರ ದಯೆ, ಬೇರೆ ಏನೂ ಆಗಿರಲಿಲ್ಲ. ಪಕ್ಕೆಲುಬುಗಳು ಮಾತ್ರ ಹಾರಿ ಹೋಗಿದ್ದವು. ಎರಡು ನಮ್ಮ ತುಳಸಿ ಕುಂಡದಲ್ಲಿ. ಒಂದು ಹಮೀದಾಬೇಗಂ ಅವರ ಹಿತ್ತಲ ಬಾಗಿಲ ಮುಂದೆ.

ಹಮೀದಾಬೇಗಂ ಬಾಗಿಲು ತೆಗೆದು ಅದನ್ನು ನೋಡಿದರು. ಸೆರಗನ್ನು ಮೂಗಿಗೆ ಹಿಡಿದರು. ನೆಲ ಬಾಯಿ ಬಿಟ್ಟರೆ ನಾನು ಒಳಗೆ ಹೋಗಲು ತಯಾರಿದ್ದೆ. ಅವರ ಗಂಡ ಶೌಕತ ಅಲಿ ಸಾಹೇಬರು ರೈಲ್ವೆಯಲ್ಲಿದ್ದವರು, ಐದು ಹೊತ್ತು ನಮಾಜು ಬಿಡದವರು. ಇನ್ನು ಈ ಸಾಲಿನಲ್ಲಿ ನಮ್ಮನ್ನು ಇರಗೊಡುವುದಿಲ್ಲ ಅಂದುಕೊಂಡೆ.

"ಯಂಕಮ್ಮಾ, ಇದೇನ ನಿನ್ನ ಬಯಕಿ?" ಅಂದರು ಹಮೀದಾಬೇಗಂ.

ಗೋಣು ಹಾಕಿದೆ.

"ಹುಚ್ಚಿ! ಇಷ್ಟು ದಿನ ನನ್ನ ಖೀರು, ಹಲ್ವಾ ಎಲ್ಲಾ ತಿಂದಿ, ಬಾಯಿ ಬಿಡ್ಲಿಲ್ಲ. ಅದರಾಗ ಹಾಕಿದ ಬದಾಮಿ ಎಲ್ಲಾ ಹಾಳಾತಲ್ಲ!" ಅಂತ ಬೈದರು. ಆಮೇಲೆ ಸಾಯಬಣ್ಣನ ಕಡೆ ತಿರುಗಿ, "ಮೊದಲ ಬಾಗಿಲ ತೊಳಿ. ಏಳು ಸಲ ತೊಳಿ. ಎಂಜಿನ್ನ ಕಲ್ಲಿದ್ದಲದ ಮ್ಯಾಲ ಯಾರರ ಖಂಡ ಸುಡ್ತಾರೇನಪಾ? ವಾಸನಿ ಹೊಡೀತದ. ಜಾಲಿ ಕಟಗಿ ಇದ್ದಲಿ ನಮ್ಮನ್ಯಾಗ ಅದ, ಒಂದು ಚೀಲ ಕೊಡ್ತೀನಿ, ಒಯ್ಯಿ."

ಸಾಯಬಣ್ಣ ಬಕೀಟಿನ ಮೇಲೆ ಬಕೀಟು ನೀರು ಹೊತ್ತು ಬಾಗಿಲು ತೊಳೆಯತೊಡಗಿದ. ಹಮೀದಾಬೇಗಂ ಚೀಲವನ್ನು ಕಂಪೌಂಡಿನ ಈಚೆಗೆ ಇಟ್ಟರು.

"ಬರೋ ಐತವಾರ ನಾವು ಎಲ್ಲಾರೂ ಚಿತ್ತಾಪುರಕ್ಕ ಹೊಂಟೀವಿ, ನಮ್ಮ ತಂಗಿ ಮನಿಗಿ. ಸಂಜಿಗಿ ಬರ್ತೀವಿ. ನಾ ಬರೋದ್ರಾಗ ಹೊಗಿ ಹೋಗಿರಬೇಕು. ಚೀಲ ಹೊಳ್ಳಿ ಕೊಡಬ್ಯಾಡ."

ಚಿತ್ತಾಪುರದಲ್ಲಿ ಅವರಿಗೆ ತಂಗಿ ಇದ್ದದ್ದು ನಿಜ. ಆದರೆ ಆ ತಂಗಿಯ ಜೊತೆ ಅವರಿಗೆ ಮಾತು ನಿಂತು ಎರಡು ವರ್ಷವಾಗಿತ್ತು. ಇದು ಇಡೀ ಸಾಲಿಗೆ ಗೊತ್ತಿತ್ತು.

ಇದ್ದಲಿ ಸಿಕ್ಕಿತು, ದಿನ ಸಿಕ್ಕಿತು. ಸುಡುವವನು ಬೇಕಲ್ಲ. ಮರುದಿನ ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹತ್ತಿ ನಾನೇ ಶಹಾಬಾದಿಗೆ ಹೋದೆ. ಅಪ್ಪ ಒಲ್ಲೆ ಅನ್ನುವುದಿದ್ದರೆ ನನ್ನ ಮುಖ ನೋಡಿ ಅನ್ನಲಿ.

ಅಪ್ಪ ಕುಲುಮೆಯ ಮುಂದೆ ಕೂತು ತಿದಿ ಒತ್ತುತ್ತಿದ್ದ. ಮೀಸೆಯೆಲ್ಲ ಕಲ್ಲಿನ ಧೂಳು. ನನ್ನನ್ನು ನೋಡಿ ಎದ್ದವನು ಮೊದಲು ನೋಡಿದ್ದು ನನ್ನ ಹೊಟ್ಟೆಯನ್ನು, ಆಮೇಲೆ ಮುಖವನ್ನು.

"ಇಂಥಾದ್ರಾಗ ಗಾಡಿ ಹತ್ತಿ ಯಾಕ ಬಂದೆವ್ವಾ?"

"ನೀ ಬರಲಿಲ್ಲಲ್ಲ, ಅದಕ್ಕ ಬಂದೀನಿ. ನಾ ಏನ ಮಾಡೀನಿ ಹೇಳು. ಮಗಳು ಬ್ಯಾಡಾಗ್ಯಾಳೇನು ನಿನಗ?"

ಅಪ್ಪ ಇಕ್ಕಳ ಕೆಳಗಿಟ್ಟ. ನನ್ನ ಕೈ ಹಿಡಿದು ಹುಣಸೆ ಮರದ ನೆರಳಿಗೆ ಕರೆದುಕೊಂಡು ಹೋಗಿ ಕೂರಿಸಿದ. ನಾನು ಕಿವಿ ಸೋರುವ ಮಾತು ಹೇಳಿದೆ, ಕಲ್ಲು ಸಿಡಿದದ್ದು ಹೇಳಿದೆ. ಅಳಿಯನ ಹುಬ್ಬು ಹೋದದ್ದು ಕೇಳಿ ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದ. ಅವತ್ತು ನಗಲಿಲ್ಲ.

"ಹರಕಿ ಹೊತ್ತೀನಿ," ಅಂದ ಕೊನೆಗೆ. "ಬಾಯಿ ಬಿಡಬಾರದಂತ ಸುಮ್ಮನಿದ್ದೆ. ಆ ಕೂಸಿಗಿ ಮಣ್ಣ ಕೊಟ್ಟು ಬಂದೆವಲ್ಲ, ಅವತ್ತು ನನಗ ಮನಿಗಿ ಹೋಗಾಕ ಮನಸಾಗ್ಲಿಲ್ಲ. ಸುಮ್ಕ ಗಾಡಿ ಹತ್ತಿ ನಾಲವಾರದಾಗ ಇಳಿದೆ. ಮಠದ ಹೊಸ್ತಿಲಿಗಿ ಹಣಿ ಹಚ್ಚಿ ಬೇಡಿಕೊಂಡೆ. ನನ್ನ ಮಗಳ ಮಡಿಲಾಗ ಕೂಸು ಬರೋ ತನಕ ಹಂದಿ ಮುಟ್ಟಂಗಿಲ್ಲ, ತಿನ್ನಂಗಿಲ್ಲಂತ. ನನಗ ಭಾಳ ಪಿರೂತಿದ್ದು ಅದ ಒಂದ ಅಲ್ಲೇನು? ಬ್ಯಾರೆ ಏನ ಕೊಡ್ಲಿ ನಾ ದೇವರಿಗಿ?"

ಈ ಮನುಷ್ಯನ ಮೇಲೆ ನಾನು ವಾರವಿಡೀ ಹಲ್ಲು ಕಡಿದಿದ್ದೆ. ಅವನೋ ನನ್ನ ಸಲುವಾಗಿ ತನ್ನ ಒಂದೇ ಒಂದು ಸುಖವನ್ನು ಹೊಸ್ತಿಲ ಮೇಲೆ ಬಿಟ್ಟು ಬಂದಿದ್ದ. ಈಗ ಹೊಟ್ಟೆಯೊಳಗಿನ ಕೂಸು ಕೇಳುತ್ತಿರುವುದೂ ಅದನ್ನೇ. ಅಪ್ಪ ಸುಟ್ಟರೆ ಹರಕೆ ಮುರಿದು ಕೂಸಿಗೆ ಕೇಡು. ಸುಡದಿದ್ದರೆ ಬಯಕೆ ಉಳಿದು ಕೂಸಿಗೆ ಕೇಡು. ಅದಕ್ಕೇ ಅವನು ನೆಲ ನೋಡಿದ್ದು.

ಆದರೆ ನಾನು ಸುಮ್ಮನೆ ಅತ್ತು ಎದ್ದು ಬರುವ ಜಾತಿಯವಳಲ್ಲ. ನಳದ ಸಾಲಿನಲ್ಲಿ ನನ್ನ ಜೊತೆ ವಾದಕ್ಕೆ ನಿಂತು ಗೆದ್ದವರನ್ನು ನಾನಿನ್ನೂ ನೋಡಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಶುರು ಮಾಡಿದೆ.

"ಅಪ್ಪಾ, ದೇವರ ಮುಂದ ಏನೇನ ಅಂದಿ, ಹಂಗೇ ಹೇಳು. ಮುಟ್ಟಂಗಿಲ್ಲ ಅಂದಿ."

"ಅಂದೆ."

"ತಿನ್ನಂಗಿಲ್ಲ ಅಂದಿ."

"ಅಂದೆ."

"ನೋಡಂಗಿಲ್ಲ ಅಂದೇನು?"

"ಇಲ್ಲ."

"ಮಾತಾಡಂಗಿಲ್ಲ ಅಂದೇನು?"

ಅಪ್ಪ ನನ್ನನ್ನೇ ನೋಡಿದ. ಧೂಳಿನ ಮೀಸೆಯ ಕೆಳಗೆ ಎಷ್ಟೋ ದಿನದ ಮೇಲೆ ಒಂದು ಸಣ್ಣ ನಗು ಬಂತು.

"ಇಲ್ಲ ನೋಡವ್ವಾ. ಅದು ನೆನಪಾಗ್ಲಿಲ್ಲ."

"ಹಂಗಾದ್ರ ಐತವಾರ ಬಾ. ದೂರ ಕೂಡು. ಬಾಯಿಲೇ ಹೇಳು. ನಿನ್ನ ಅಳಿಯಾ ಸುಡ್ತಾನ."

ಐತವಾರ ಅಪ್ಪ ಬಂದ, ನಾಲ್ಕು ಹಾರೆಗಳನ್ನು ಗೋಣಿ ತಟ್ಟಿನಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದ ವರ್ಷದ ಚಳಿಗಾಲ ಅದು. ಬಿಸಿಲು ಹಿತವಾಗಿತ್ತು. ಬಲಮನೆಗೆ ಬೀಗ. ಎಡಮನೆಯಿಂದ ಅಮೃತಮ್ಮ ಒಂದು ಬುಟ್ಟಿ ತಂದು ಕಟ್ಟೆಯ ಮೇಲೆ ಇಟ್ಟರು. ಬದನೆಕಾಯಿ, ಗೆಣಸು, ಹಸಿಮೆಣಸಿನಕಾಯಿ, ತಪ್ಪಲು ಸಮೇತ ಉಳ್ಳಾಗಡ್ಡಿ, ಟಮಾಟಿ. "ಕಾಯಿಪಲ್ಯೆ ಅಷ್ಟ ನಂದು. ಬಾಕಿದ್ದು ನನಗೇನೂ ಗೊತ್ತಿಲ್ಲವ್ವಾ," ಅಂದು ಒಳಗೆ ಹೋಗಿ ಕಿಟಕಿ ಹಾಕಿಕೊಂಡರು.

ಅಪ್ಪ ಬೆಂಕಿಯಿಂದ ದೂರ, ಗೋಡೆಗೆ ಬೆನ್ನು ಕೊಟ್ಟು ಕೂತ. ಬೆಂಕಿ ಹಚ್ಚುವ ತನಕ ತೊಂದರೆ ಇರಲಿಲ್ಲ. ಜಾಲಿಯ ಇದ್ದಲು ಸದ್ದಿಲ್ಲದೆ ಹೊತ್ತಿಕೊಂಡಿತು. ಹಾರೆ ಕಾದವು. ಸಾಯಬಣ್ಣ ಮೊದಲ ಪಕ್ಕೆಲುಬು ಇಟ್ಟ.

"ಎಲುಬಿನ ಕಡಿ ಕೆಳಗಪಾ! ಎಲುಬ ಮೊದಲ ಕಾಯಬೇಕು. ಖಂಡ ಆಮ್ಯಾಲ."

ಸಾಯಬಣ್ಣ ತಿರುವಿ ಹಾಕಿದ. ಕೊಬ್ಬು ಕರಗಿ ಕೆಂಡದ ಮೇಲೆ ತೊಟ್ಟಿಕ್ಕಿತು, ಉರಿ ಎದ್ದಿತು.

"ಬೂದಿ ಉಗ್ಗು! ನೀರ ಬ್ಯಾಡ, ಬೂದಿ! ಉರಿ ಬ್ಯಾಡ ನಮಗ, ಕಾವ ಬೇಕು."

ಬೂದಿ ಬಿತ್ತು, ಉರಿ ಅಡಗಿತು. ಬದನೆಕಾಯಿಯ ಸಿಪ್ಪೆ ಕಪ್ಪಾಗಿ ಸುಕ್ಕುಗಟ್ಟಿತು. ಬೂದಿಯಲ್ಲಿ ಗೆಣಸು ಮೆತ್ತಗಾಗುವ ವಾಸನೆ. ಅದರ ಮೇಲೆ ನಿಧಾನಕ್ಕೆ ಇನ್ನೊಂದು ವಾಸನೆ ಎದ್ದು ಬಂತು, ನನ್ನ ಚಿಕ್ಕಂದಿನ ಸೂಟಿ ದಿನಗಳ ವಾಸನೆ. ನಾನು ಹೊಸ್ತಿಲ ಮೇಲೆ ಕೂತಿದ್ದವಳು ಕಣ್ಣು ಮುಚ್ಚಿಕೊಂಡೆ. ಹೊಟ್ಟೆಯಲ್ಲಿ ಕೂಸು ಒದೆಯಿತು.

ಕಣ್ಣು ತೆರೆದಾಗ ಅಪ್ಪನನ್ನು ನೋಡಿದೆ. ಅವನ ಬಾಯಿ ಅಳಿಯನಿಗೆ ಹೇಳುತ್ತಿತ್ತು, ಕೈಗಳು ಮಾತ್ರ ತಾವೇ ತಾವಾಗಿ ಗಾಳಿಯಲ್ಲಿ ಪಕ್ಕೆಲುಬು ತಿರುವುತ್ತಿದ್ದವು. ಅವನು ಅಷ್ಟಷ್ಟೇ ಮುಂದೆ ಸರಿದು ಬೆಂಕಿಯ ಹತ್ತಿರಕ್ಕೇ ಬಂದುಬಿಟ್ಟಿದ್ದ. ಅವನಿಗೇ ಅದರ ಅರಿವಿರಲಿಲ್ಲ.

ಅಷ್ಟರಲ್ಲಿ ಸಾಯಬಣ್ಣನ ಇಕ್ಕಳ ಜಾರಿತು. ಎಲ್ಲಕ್ಕಿಂತ ದೊಡ್ಡ ಪಕ್ಕೆಲುಬು ಹಾರೆಯ ಸಂದಿಗೆ ವಾಲಿತು. ಅಪ್ಪನ ಕೈ ಬೆಂಕಿಯ ಮೇಲೆ ಹಾರಿತು. ಇನ್ನೊಂದು ಬೆರಳಿನ ಅಂತರ, ಅಷ್ಟೇ. ಅಲ್ಲಿಯೇ ನಿಂತಿತು. ಅದೆಷ್ಟು ಹೊತ್ತು ಹಾಗೆ ಇತ್ತೋ, ಕೈಮೇಲಿನ ಕೂದಲು ಸುಟ್ಟ ವಾಸನೆ ನನಗೆ ಬಂತು. ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡ. ಪಕ್ಕೆಲುಬು ಕೆಂಡಕ್ಕೆ ಬಿತ್ತು.

ಅವನು ಎದ್ದು ನನ್ನ ಹತ್ತಿರ ಬಂದ. ಹೆಗಲ ಮೇಲಿನ ಟವೆಲ್ ನನ್ನ ಮಡಿಲಿಗೆ ಹಾಕಿ, ಎರಡೂ ಕೈ ಜೋಡಿಸಿ ಮುಂದೆ ಹಿಡಿದ.

"ಕಟ್ಟವ್ವಾ. ನನ್ನ ಕೈ ನನ್ನ ಮಾತ ಕೇಳವಲ್ವು."

ನಾನು ನನ್ನ ಅಪ್ಪನ ಕೈಗಳನ್ನು ಟವೆಲ್ಲಿನಿಂದ ಕಟ್ಟಿದೆ. ಉಳಿ ಹಿಡಿದು ಹಿಡಿದು ಬೆರಳು ಬಾಗಿ ಹೋಗಿದ್ದವು, ಉಗುರಿನ ಸಂದಿಯಲ್ಲಿ ಎಂದೂ ಹೋಗದ ಬಿಳಿ ಧೂಳು. ನನಗೆ ಪಕ್ಕೆಲುಬು ಚೂರು ಮಾಡಿ ಊದಿ ಊದಿ ತಿನ್ನಿಸಿದ ಬೆರಳುಗಳು ಅವು. ಗಂಟು ಸಡಿಲಾಗಿಯೇ ಹಾಕಿದೆ. ಅಪ್ಪ, "ಇನ್ನಾ ಬಿಗಿ," ಅಂದ.

ಕಟ್ಟಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನ ಪಕ್ಕದಲ್ಲೇ ಕೂತು ಉಳಿದದ್ದನ್ನು ಹೇಳಿಕೊಟ್ಟ. ಬೆಲ್ಲದ ನೀರು ಈಗ ಬೇಡ, ಕರಕಾಗುತ್ತದೆ. ಈಗ. ಈಗ ಸವರು. ಉಳಿ ಕಾಸಿದಾಗ ನೀರಿಗೆ ಅದ್ದುವ ಮುಂಚೆ ಒಂದು ಬಣ್ಣ ಬರುತ್ತದಲ್ಲ, ಆ ಬಣ್ಣ. ಸಾಯಬಣ್ಣನಿಗೆ ಉಳಿಯ ಬಣ್ಣ ಗೊತ್ತಿಲ್ಲ, ಆದರೂ ಗೋಣು ಹಾಕಿದ. ಮೈಯೆಲ್ಲ ಬೆವರು, ಒಂದೇ ಹುಬ್ಬಿನ ಮುಖ ಕೆಂಪಾಗಿತ್ತು. ನನಗೆ ಅವನ ಮೇಲೆ ಮೋಹ ಉಕ್ಕಿತು.

ತಟ್ಟೆ ತುಂಬಿ ಬಂತು. ಸುಟ್ಟ ಬದನೆಕಾಯಿಗೆ ಹಸಿ ಉಳ್ಳಾಗಡ್ಡಿ, ಶೇಂಗಾ ಪುಡಿ ಹಾಕಿ ಕಲಸಿದ ಗೊಜ್ಜು, ಸುಟ್ಟ ಟಮಾಟಿ, ಮೆಣಸಿನಕಾಯಿ, ಸಿಪ್ಪೆ ಬಿಚ್ಚಿದ ಗೆಣಸು, ಜೋಳದ ರೊಟ್ಟಿ, ನಡುವೆ ಪಕ್ಕೆಲುಬು. ಇಬ್ಬರು ಗಂಡಸರೂ ನನ್ನ ಬಾಯನ್ನೇ ನೋಡುತ್ತ ಕೂತರು. ನಾನು ಕಚ್ಚಿದೆ.

ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಚೆನ್ನಾಗಿತ್ತು. ಒಂದಾದ ಮೇಲೆ ಒಂದು ತಿಂದೆ, ಎಲುಬು ಚೀಪಿದೆ. ಆದರೆ ನಾನು ಕೇಳಿದ್ದು ಇದಲ್ಲ ಅಂತ ಒಳಗಿನಿಂದ ಯಾರೋ ಅನ್ನುತ್ತಿದ್ದರು. ಏನು ಕಡಿಮೆ ಅಂತ ಹುಡುಕಿದೆ, ಸಿಗಲಿಲ್ಲ.

"ತೀರ್ತೇನವ್ವಾ ಬಯಕಿ?" ಅಂತ ಅಪ್ಪ ಕೇಳಿದ.

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಕೂಸಿನ ಕಿವಿಯ ವಿಷಯದಲ್ಲಿ ಸುಳ್ಳು ಹೇಳುವ ಧೈರ್ಯ ಬರಲಿಲ್ಲ.

"ಅರ್ಧ ತೀರ್ತು," ಅಂದೆ.

ಸಾಯಬಣ್ಣ ಪೆಚ್ಚಾದ. ಅಪ್ಪ ಮಾತ್ರ ತಲೆದೂಗಿದ. "ಉಳಿದ ಅರ್ಧ ನನಗಿರ್ಲಿ. ಕೂಸು ಬಂದ ದಿನ ನಾನೇ ತೀರಸ್ತೀನಿ," ಅಂದ. ಟವೆಲ್ ಬಿಚ್ಚಿದೆ. ಅವನು ರೊಟ್ಟಿಗೆ ಬದನೆಕಾಯಿ ಗೊಜ್ಜು ಹಚ್ಚಿಕೊಂಡು ತಿಂದ, ಗೆಣಸು ತಿಂದ. ಪಕ್ಕೆಲುಬಿನ ತಟ್ಟೆಯ ಕಡೆ ನೋಡಲಿಲ್ಲ. ನೋಡಲಿಲ್ಲ ಅನ್ನುವುದು ನನಗೆ ಕಂಡಿತು.

ಸಂಜೆ ಚಿತ್ತಾಪುರದಿಂದ ಬಂದ ಹಮೀದಾಬೇಗಂ ಕಂಪೌಂಡಿನ ಆಚೆಯಿಂದಲೇ ಕೇಳಿದರು. ಅರ್ಧ ಅಂದದ್ದಕ್ಕೆ ಹಣೆ ಬಡಿದುಕೊಂಡರು. "ಅರ್ಧ? ಅಂದ್ರ ಕೂಸಿನ ಒಂದು ಕಿವಿ ಸೋರ್ತದ, ನೋಡು." ತಂಗಿ ಜೊತೆ ಅವರು ರಾಜಿಯಾಗಿ ಬಂದಿದ್ದರು. ಅದಕ್ಕೂ ನನ್ನ ಬಯಕೆಯೇ ಕಾರಣ ಅಂತ ಆಮೇಲೆ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದರು.

ಯುಗಾದಿ ಹತ್ತಿರ ಬಂದಾಗ ನನ್ನ ಮಗಳು ಹುಟ್ಟಿದಳು. ತವರಿನಲ್ಲಿ ಹೆಂಗಸರಿಲ್ಲದ್ದಕ್ಕೆ ಹೆರಿಗೆ ವಾಡಿಯಲ್ಲೇ ಆಯಿತು. ಸೂಲಗಿತ್ತಿ ಬಂದು ಹೋದ ಮೇಲೆ ನನ್ನ ಬಾಣಂತನದ ಅಧಿಕಾರವನ್ನು ಹಮೀದಾಬೇಗಂ ತಾವೇ ವಹಿಸಿಕೊಂಡರು. ಅಜವಾನದ ಹೊಗೆ, ಕಟ್ಟಿದ ಕಿವಿ, ಮೆಂತ್ಯ ಹಾಕಿದ ಅಂಟಿನ ಉಂಡೆ, ತೆಳ್ಳಗಿನ ಸಾರು. ಕಿಟಕಿ ಒಂದು ಬೆರಳಿನಷ್ಟು ಮಾತ್ರ ತೆರೆದಿತ್ತು. ನಾನು ದಿನವೂ ಕೂಸಿನ ಎರಡೂ ಕಿವಿ ಮೂಸಿ ನೋಡುತ್ತಿದ್ದೆ. ಒಣಗಿಯೇ ಇದ್ದವು. ಆದರೂ ಎಡಗಿವಿಯ ಮೇಲೆ ನನಗೆ ಅನುಮಾನ.

ಕೂಸು ವಾರ ದಾಟಲಿ ಅಂತ ಕಾದು, ಸಾಯಬಣ್ಣ ಶಹಾಬಾದಿಗೆ ಹೋಗಿ ಮಾವನಿಗೆ ಸುದ್ದಿ ಹೇಳಿದ. ಅಪ್ಪ ಕೈಲಿದ್ದ ಸುತ್ತಿಗೆ ಅಲ್ಲೇ ಕೆಡವಿದನಂತೆ. ಅಳಿಯನಿಗೆ ನೀರು ಕೂಡ ಕೊಡದೆ ಕುಲುಮೆಗೆ ಓಡಿದನಂತೆ.

ಮರುದಿನ ಮಧ್ಯಾಹ್ನ ಹಿತ್ತಲಲ್ಲಿ ಅಪ್ಪನ ಕೆಮ್ಮು ಕೇಳಿಸಿತು. ಆಮೇಲೆ ಕಿಟಕಿಯ ಸಂದಿಯಿಂದ ಆ ವಾಸನೆ ಬಂತು.

ಹಮೀದಾಬೇಗಂ ಬಾಗಿಲಿಗೆ ಅಡ್ಡ ನಿಂತರು. ಸೆರಗು ಮೂಗಿಗೆ ಹೋಗಿತ್ತು. "ಹುಸೇನಪ್ಪ, ಅದನ್ನ ಒಳಗ ತರಬ್ಯಾಡ್ರಿ. ಹಸಿ ಬಾಣಂತಿ ಅದಾಳ. ಇಂಥಾ ಜಡ ಖಂಡ ತಿಂದ್ರ ಹಾಲು ಕೆಡ್ತದ, ಕೂಸಿನ ಹೊಟ್ಟಿ ಕೆಡ್ತದ. ಯಾರ ಮನಿ ಖಂಡ ಇದ್ರೂ ಅಷ್ಟೇ, ನಮ್ಮನಿ ಕುರಿದಾದ್ರೂ ನಾ ಕೊಡಂಗಿಲ್ಲ."

ಅದು ನಿಜ. ಬಾಣಂತಿಗೆ ಅದು ವರ್ಜ್ಯ ಅನ್ನುವುದು ವಡ್ಡರಿಗೂ ಗೊತ್ತು, ಅಪ್ಪನಿಗೂ ಗೊತ್ತು. ಸಂತೋಷದಲ್ಲಿ ಮರೆತಿದ್ದ. ಬಸುರಿಯಾಗಿದ್ದಾಗ ಅವನು ಮುಟ್ಟುವಂತಿರಲಿಲ್ಲ. ಅವನು ಮುಟ್ಟಬಹುದಾದ ದಿನ ನಾನು ತಿನ್ನುವಂತಿರಲಿಲ್ಲ. ಕಿಟಕಿಯಲ್ಲಿ ಅವನ ಮುಖ ಕಂಡಿತು. ಕೈಯಲ್ಲಿ ಮುತ್ತುಗದ ಎಲೆಯ ಪೊಟ್ಟಣ. ತಪ್ಪು ಮಾಡಿದ ಹುಡುಗನ ಹಾಗೆ ನಿಂತಿದ್ದ.

ನಾನು ಕೂಸನ್ನು ಎತ್ತಿಕೊಂಡು ಕಿಟಕಿಗೆ ಬಂದೆ. ಅಪ್ಪ ಮೊಮ್ಮಗಳನ್ನು ನೋಡಿದ. ಮುಟ್ಟಲು ಹೋಗಿ, ಕೈ ಜಿಡ್ಡಾಗಿದೆ ಅಂತ ಹಿಂದಕ್ಕೆ ತೆಗೆದುಕೊಂಡ.

"ನಿನ್ನ ಹರಕಿ ತೀರ್ಯದಲ್ಲಪ್ಪಾ," ಅಂದೆ. "ನೀ ತಿನ್ನು. ನಾ ನೋಡ್ತೀನಿ."

"ನಿನಗಂತ ತಂದೀನವ್ವಾ."

"ನೀ ತಿನ್ನು ಅಂದ್ರ ತಿನ್ನು!"

ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಕೂತು ಪೊಟ್ಟಣ ಬಿಚ್ಚಿದ. ಒಂದು ಪಕ್ಕೆಲುಬು ಎತ್ತಿಕೊಂಡ. ಎಷ್ಟೋ ಹೊತ್ತು ಅದನ್ನು ಹಿಡಿದೇ ಕೂತಿದ್ದ, ಆಮೇಲೆ ಕಚ್ಚಿದ. ಅಗಿಯುತ್ತ ಅಗಿಯುತ್ತ ಅವನ ದವಡೆ ನಿಂತಿತು. ಮುಖ ಬಾಡಿತು.

"ಏನಾತಪ್ಪಾ?"

"ಉಪ್ಪ ಹಾಕೂದ ಮರ್ತೀನವ್ವಾ," ಅಂದ. "ಗಡಿಬಿಡ್ಯಾಗ ಉಪ್ಪೇ ಹಾಕಿಲ್ಲ ನೋಡು." ಅಂದವನೇ ಬಿಕ್ಕಿ ಬಿಕ್ಕಿ ಅತ್ತ. ಕಲ್ಲು ಒಡೆಯುವ ಮನುಷ್ಯ. ಅವ್ವ ಸತ್ತಾಗಲೂ ನನ್ನ ಮುಂದೆ ಅಳದವನು.

ನನಗೆ ತಡೆಯಲಾಗಲಿಲ್ಲ. ಹಿಂದಕ್ಕೆ ತಿರುಗಿ, ಅವರ ಮನೆಯವರು ಅಕ್ಕನನ್ನು ಕರೆಯುವ ಹಾಗೆ, "ಆಪಾ," ಅಂದೆ. ಅಷ್ಟೇ ಅಂದದ್ದು.

ಹಮೀದಾಬೇಗಂ ನನ್ನ ಮುಖ ನೋಡಿದರು. ಕೂಸನ್ನು ನನ್ನ ತೋಳಿನಿಂದ ಎತ್ತಿಕೊಂಡು ಮೂಲೆಗೆ ಹೋಗಿ, ನನ್ನ ಕಡೆ ಬೆನ್ನು ಮಾಡಿ ಗೋಡೆ ನೋಡುತ್ತ ನಿಂತರು. "ಇವತ್ತ ನನಗ ನೆಗಡಿ ಆಗ್ಯದ. ವಾಸನಿ ಏನೂ ತಿಳೀವಲ್ದು," ಅಂದರು. "ಒಂದ ತುತ್ತು. ಜಾಸ್ತಿ ಅಲ್ಲ."

ನಾನು ಕಿಟಕಿಯ ಸರಳಿನಿಂದ ಕೈ ಚಾಚಿದೆ. ಅಪ್ಪ ತನ್ನ ಬಾಗಿದ ಬೆರಳುಗಳಿಂದ ಎಲುಬಿನ ತುದಿಯ ಕರಕು ಅಂಚನ್ನು ಚೂರು ಮಾಡಿದ. ಗಾಡಿಯಲ್ಲಿ ಬಂದು ಅದು ಯಾವಾಗಲೋ ತಣ್ಣಗಾಗಿತ್ತು, ಆದರೂ ಊದಿದ. ಕೈಗೆ ಕೊಡಲಿಲ್ಲ, ಬಾಯಿಗೇ ಇಟ್ಟ.

ತಣ್ಣಗಿತ್ತು. ನಾರಿನಂತೆ ಗಟ್ಟಿಯಾಗಿತ್ತು. ಉಪ್ಪಿರಲಿಲ್ಲ. ನಾನು ನಿಧಾನಕ್ಕೆ ಅಗಿದೆ, ನುಂಗಲು ಮನಸ್ಸಾಗದೆ ಬಾಯಲ್ಲೇ ಇಟ್ಟುಕೊಂಡೆ.

ಅಪ್ಪ ಕಣ್ಣು ಒರೆಸಿಕೊಳ್ಳದೆ ನನ್ನನ್ನೇ ನೋಡುತ್ತಿದ್ದ.

"ತೀರ್ತೇನವ್ವಾ?"

"ತೀರ್ತಪ್ಪಾ," ಅಂದೆ. "ಪೂರಾ ತೀರ್ತು."